ಐವಿ ಆಂಡರ್ಸನ್: ಎಲಿಂಗ್ಟನ್ ಬ್ಯಾಂಡಿನಲ್ಲಿ ಹನ್ನೊಂದು ವರ್ಷ

ಜಾಝ್ ಹಾಡುಗಾರ್ತಿಯರ ಹೆಸರು ಹೇಳಿ ಅಂದರೆ ಬಿಲಿ ಹಾಲಿಡೇ, ಎಲ್ಲಾ ಫಿಟ್ಜೆರಾಲ್ಡ್, ಸಾರಾ ವಾನ್ ತಕ್ಷಣ ನಾಲಿಗೆಗೆ ಬರುತ್ತಾರೆ. ಐವಿ ಆಂಡರ್ಸನ್ ಹೆಸರು ಯಾರೂ ಹೇಳುವುದಿಲ್ಲ. ನನಗೆ ಇದು ಬಹಳ ಬೇಜಾರು ತರುವ ವಿಷಯ. ಯಾಕೆಂದರೆ 1931ರಿಂದ 1942ರವರೆಗೆ, ಅಂದರೆ ಪಿಯಾನೋ ನುಡಿಸುತ್ತಾ ತಾನೇ ಸಂಗೀತ ಬರೆಯುತ್ತಿದ್ದ ಡ್ಯೂಕ್ ಎಲಿಂಗ್ಟನ್‌ನ ಬ್ಯಾಂಡು ಅಮೆರಿಕದಲ್ಲಿ ಮೇಲೇರುತ್ತಾ ಹೋಗಿ ಅದರ ಅತ್ಯುತ್ತಮ ರೆಕಾರ್ಡುಗಳನ್ನು ಮಾಡಿದ ಕಾಲದಲ್ಲಿ, ಆ ಬ್ಯಾಂಡಿನ ಮುಂದೆ ನಿಂತು ಹಾಡಿದವಳು ಈಕೆಯೇ. ಎಲಿಂಗ್ಟನ್ ಐವತ್ತು ವರ್ಷ ಬ್ಯಾಂಡು ನಡೆಸಿದ. ಎಷ್ಟೋ ಹಾಡುಗಾರರು ಬಂದು ಹೋದರು. ಐವಿಯ ಮಟ್ಟಕ್ಕೆ ಇನ್ನೊಬ್ಬರು ಬರಲಿಲ್ಲ ಅನ್ನುವುದು ನನ್ನ ಗಟ್ಟಿಯಾದ ಅಭಿಪ್ರಾಯ.

ಮೊದಲು ಬಿಗ್ ಬ್ಯಾಂಡಿನಲ್ಲಿ ಹಾಡುವುದು ಅಂದರೆ ಏನು ಅಂತ ಸ್ವಲ್ಪ ಹೇಳಬೇಕು. ನಮ್ಮ ಕಚೇರಿಯಲ್ಲಿ ಹಾಡುವವರು ನಡುವೆ ಕೂರುತ್ತಾರೆ, ಪಿಟೀಲು ಮೃದಂಗದವರು ಅವರನ್ನು ಅನುಸರಿಸುತ್ತಾರೆ. ಬಿಗ್ ಬ್ಯಾಂಡಿನಲ್ಲಿ ಇದು ಪೂರಾ ಉಲ್ಟಾ. ಹದಿನಾಲ್ಕು ಹದಿನೈದು ವಾದ್ಯದವರು, ಎದುರಿಗೆ ಕುಣಿಯಲು ಬಂದ ಜನ, ರಾತ್ರಿಯಿಡೀ ಸಂಗೀತ. ಹಾಡುಗಾರ್ತಿ ಪಕ್ಕದಲ್ಲಿ ಒಂದು ಕುರ್ಚಿಯಲ್ಲಿ ಕೂತಿರುತ್ತಾಳೆ. ಅವಳ ಸರದಿ ಬಂದಾಗ ಎದ್ದು ಮೈಕಿನ ಮುಂದೆ ಬಂದು ಒಂದು ಸುತ್ತು ಹಾಡುತ್ತಾಳೆ. ಆಮೇಲೆ ಮತ್ತೆ ಕುರ್ಚಿಗೆ. ರೆಕಾರ್ಡಿನಲ್ಲೂ ಹಾಗೇ. ಆಗಿನ ಹತ್ತಿಂಚಿನ ತಟ್ಟೆಯ ಒಂದು ಬದಿಗೆ ಹಿಡಿಯುತ್ತಿದ್ದದ್ದು ಹೆಚ್ಚುಕಮ್ಮಿ ಮೂರು ನಿಮಿಷ. ಅದರಲ್ಲಿ ಅವಳ ಪಾಲು ಒಂದು ನಿಮಿಷ ಇದ್ದರೆ ದೊಡ್ಡದು. ಲೇಬಲ್ ಮೇಲೆ ಬ್ಯಾಂಡಿನ ಹೆಸರು ದೊಡ್ಡ ಅಕ್ಷರದಲ್ಲಿ, ಹಾಡಿದವರ ಹೆಸರು ಕೆಳಗೆ ಸಣ್ಣದಾಗಿ. ಎಷ್ಟೋ ಬ್ಯಾಂಡುಗಳು ಹಾಡುಗಾರ್ತಿಯನ್ನು ಇಟ್ಟುಕೊಳ್ಳುತ್ತಿದ್ದದ್ದು ನೋಡಲು ಚೆನ್ನಾಗಿರುತ್ತದೆ ಅಂತ ಅಷ್ಟೆ. ಆ ಒಂದು ನಿಮಿಷದಲ್ಲಿ ಐವಿ ಏನು ಮಾಡುತ್ತಿದ್ದಳು ಅನ್ನುವುದೇ ಅವಳ ಕಥೆ.

ಹುಟ್ಟಿದ್ದು ಕ್ಯಾಲಿಫೋರ್ನಿಯಾದ ಗಿಲ್ರಾಯ್ ಎಂಬ ಸಣ್ಣ ಊರಿನಲ್ಲಿ, ಕಳೆದ ಶತಮಾನದ ಮೊದಮೊದಲ ವರ್ಷಗಳಲ್ಲಿ. ಹಾಡಲು ಕಲಿತದ್ದು ಅದೇ ಊರಿನ ಸೇಂಟ್ ಮೇರೀಸ್ ಕಾನ್ವೆಂಟಿನಲ್ಲಿ. ಆಮೇಲೆ ವಾಷಿಂಗ್ಟನ್‌ಗೆ ಹೋಗಿ ಸಾರಾ ರಿಟ್ ಎಂಬ ಶಿಕ್ಷಕಿಯ ಹತ್ತಿರ ಕ್ರಮವಾಗಿ ಪಾಠ ಹೇಳಿಸಿಕೊಂಡಳು. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ ಅವಳ ಉಚ್ಚಾರಣೆ. ಎಂಬತ್ತು ತೊಂಬತ್ತು ವರ್ಷ ಹಳೆಯ ಧ್ವನಿಮುದ್ರಣ, ಹಿಂದೆ ಟ್ರಂಪೆಟ್ಟು ಟ್ರೊಂಬೋನುಗಳ ಗದ್ದಲ, ಆದರೂ ಒಂದೊಂದು ಮಾತೂ ಬಿಡಿಬಿಡಿಯಾಗಿ ಕಿವಿಗೆ ಬೀಳುತ್ತದೆ. ಅದು ಸುಮ್ನೆ ಬಂದದ್ದಲ್ಲ, ಸಾಧನೆ ಮಾಡಿ ಬಂದದ್ದು.

1920ರ ದಶಕದಲ್ಲಿ ಅವಳು ಕುಣಿಯುತ್ತಾ ಹಾಡುತ್ತಾ ಊರೂರು ಸುತ್ತಿದಳು. ಕರಿಯರೇ ಬರೆದು ಆಡಿದ ‘ಷಫಲ್ ಅಲಾಂಗ್’ ನಾಟಕದ ತಂಡದ ಜೊತೆ ತಿರುಗಿದಳು. ನ್ಯೂಯಾರ್ಕಿನ ಕಾಟನ್ ಕ್ಲಬ್ಬಿನಲ್ಲೂ ಇದ್ದಳು. ವೇದಿಕೆಯ ಮೇಲೆ ಕರಿಯ ಕಲಾವಿದರು, ಎದುರಿಗೆ ಬಿಳಿಯರಿಗೆ ಮಾತ್ರ ಪ್ರವೇಶ, ಅಂಥ ಜಾಗ ಅದು. 1928ರಲ್ಲಿ ಸಾನಿ ಕ್ಲೇ ಎಂಬ ಬ್ಯಾಂಡ್ ನಾಯಕನ ತಂಡದ ಜೊತೆ ಆಸ್ಟ್ರೇಲಿಯಾಕ್ಕೂ ಹೋದಳು. ಆ ಪ್ರವಾಸ ಕೆಟ್ಟದಾಗಿ ಮುಗಿಯಿತು. ಮೊದಲು ಜನ ಮುಗಿಬಿದ್ದು ನೋಡಿದರು. ಆಮೇಲೆ ಮೆಲ್ಬರ್ನ್‌ನಲ್ಲಿ ತಂಡದ ಕೆಲವು ವಾದ್ಯಗಾರರು ಬಿಳಿಯ ಹುಡುಗಿಯರ ಜೊತೆ ಇದ್ದ ಮನೆಗೆ ಪೊಲೀಸರು ನುಗ್ಗಿದರು. ಪತ್ರಿಕೆಗಳು ಅದನ್ನೇ ಹಿಡಿದು ಹಬ್ಬ ಮಾಡಿದವು. ಕೊನೆಗೆ ತಂಡವನ್ನೇ ದೇಶ ಬಿಡಿಸಿದರು. ಹಾಡಲು ಹೋದ ಕಡೆ ಬಣ್ಣ ನೋಡಿ ಹೊರಗೆ ಹಾಕಿಸಿಕೊಳ್ಳುವುದು ಏನು ಅಂತ ಐವಿ ಇಪ್ಪತ್ತರ ಹರೆಯದಲ್ಲೇ ಕಂಡಿದ್ದಳು.

ಅಲ್ಲಿಂದ ಬಂದ ಮೇಲೆ ಷಿಕಾಗೋದ ಗ್ರ್ಯಾಂಡ್ ಟೆರೇಸ್ ಎಂಬ ಕ್ಲಬ್ಬಿನಲ್ಲಿ ಅರ್ಲ್ ಹೈನ್ಸ್ ಎಂಬ ಅದ್ಭುತ ಪಿಯಾನೋ ವಾದಕನ ಬ್ಯಾಂಡಿನ ಜೊತೆ ಹಾಡುತ್ತಿದ್ದಳು. 1931ರ ಫೆಬ್ರವರಿಯಲ್ಲಿ ಎಲಿಂಗ್ಟನ್ ಬ್ಯಾಂಡು ಅದೇ ಊರಿನ ಓರಿಯೆಂಟಲ್ ಥಿಯೇಟರಿಗೆ ಬಂತು. ಎಲಿಂಗ್ಟನ್‌ಗೆ ಒಬ್ಬ ಹಾಡುಗಾರ್ತಿ ಬೇಕಿತ್ತು. ಮೇ ಆಲಿಕ್ಸ್ ಎಂಬ ಇನ್ನೊಬ್ಬಳ ಹೆಸರೂ ಇತ್ತಂತೆ. ಆದರೆ ಆಕೆಯ ಮೈಬಣ್ಣ ಜಾಸ್ತಿ ಬಿಳಿ, ಅಮೆರಿಕದ ದಕ್ಷಿಣದ ಊರುಗಳಲ್ಲಿ ಕರಿಯರ ಬ್ಯಾಂಡಿನ ಮುಂದೆ ಬಿಳಿ ಹೆಂಗಸು ಹಾಡುತ್ತಿದ್ದಾಳೆ ಅಂತ ಜನ ತಪ್ಪು ತಿಳಿದರೆ ಗಲಾಟೆ ಆದೀತು ಅನ್ನುವ ಹೆದರಿಕೆ ಇತ್ತು ಅಂತ ಹೇಳುತ್ತಾರೆ. ಐವಿಗೆ ಕೆಲಸ ಸಿಕ್ಕಿತು. ಕಂಠ ನೋಡಿ ಕೊಟ್ಟ ಕೆಲಸ ಅಂತ ಬರೆಯಲು ನನಗೂ ಆಸೆಯೇ, ಆದರೆ ಆ ದೇಶದಲ್ಲಿ ಆಗ ಯಾವುದೂ ಬರೀ ಕಂಠದ ಮೇಲೆ ನಿರ್ಧಾರ ಆಗುತ್ತಿರಲಿಲ್ಲ. ಅದಕ್ಕೂ ಮುಂಚೆ ಎಲಿಂಗ್ಟನ್ ರೆಕಾರ್ಡುಗಳಲ್ಲಿ ಅಡಿಲೇಡ್ ಹಾಲ್‌ನಂಥವರು ಆಗಾಗ ಬಂದು ಹಾಡಿದ್ದರು. ಬ್ಯಾಂಡಿಗೆ ಸೇರಿ ಜೊತೆಯಲ್ಲೇ ಉಳಿದ ಮೊದಲ ಹಾಡುಗಾರ್ತಿ ಐವಿ.

ಎಲಿಂಗ್ಟನ್ ಜೊತೆ ಅವಳ ಮೊದಲ ರೆಕಾರ್ಡು 1932ರ ಫೆಬ್ರವರಿ 2ರಂದು ನ್ಯೂಯಾರ್ಕಿನಲ್ಲಿ ಆಯಿತು. ಹಾಡು ‘ಇಟ್ ಡೋಂಟ್ ಮೀನ್ ಎ ಥಿಂಗ್’. ಇದನ್ನು ದಯವಿಟ್ಟು ಒಮ್ಮೆ ಕೇಳಿ. ಶುರುವಾಗುವುದೇ ಐವಿಯ ದನಿಯಿಂದ. ಮಾತಿಲ್ಲ, ಬರೀ ವಾ ದಾ ದೂ ಅನ್ನುವ ಸದ್ದು, ಕೆಳಗೆ ಬಾಸ್ ತಂತಿಯ ಏಟು. ಆಮೇಲೆ ಅವಳು ಸುಮ್ಮನಾಗುತ್ತಾಳೆ, ಜೋ ನ್ಯಾಂಟನ್ ಟ್ರೊಂಬೋನ್ ಹಿಡಿದು ಬರುತ್ತಾನೆ. ಅದರ ಬಾಯಿಗೆ ಅವನು ಸಿಂಕ್ ಕಟ್ಟಿಕೊಂಡಾಗ ಬಳಸುವ ರಬ್ಬರಿನ ಬಟ್ಟಲನ್ನು ಅಡ್ಡ ಹಿಡಿದು ತೆಗೆದು ಮಾಡುತ್ತಾನಲ್ಲ, ಆಗ ಆ ಲೋಹದ ವಾದ್ಯ ಮನುಷ್ಯರ ಹಾಗೆ ಮಾತಾಡುತ್ತದೆ, ಗೊಣಗುತ್ತದೆ. ಆಮೇಲೆ ಐವಿ ಮತ್ತೆ ಬಂದು ಮಾತಿನಲ್ಲಿ ಹಾಡುತ್ತಾಳೆ, ಅವಳ ಒಂದೊಂದು ಸಾಲಿಗೂ ಹಿಂದಿನ ಟ್ರಂಪೆಟ್ಟುಗಳು ಉತ್ತರ ಕೊಡುತ್ತವೆ. ಮನುಷ್ಯರ ದನಿ ವಾದ್ಯ ಆಗಿದೆ, ವಾದ್ಯ ಮನುಷ್ಯರ ದನಿ ಆಗಿದೆ, ಇಬ್ಬರೂ ಸಮ ಸಮ ನಿಂತು ಮಾತಾಡುತ್ತಿದ್ದಾರೆ. ಎಲಿಂಗ್ಟನ್ ತನ್ನ ಬ್ಯಾಂಡಿನ ಒಬ್ಬೊಬ್ಬರ ಸ್ವಭಾವ, ಸದ್ದು ನೋಡಿ ಅವರಿಗೆ ಅಂತಲೇ ಸಂಗೀತ ಬರೆಯುತ್ತಿದ್ದ. ಐವಿಯನ್ನೂ ಹಾಗೇ ನೋಡಿದ. ಅವಳು ಬ್ಯಾಂಡಿನ ಮುಂದೆ ನಿಲ್ಲಿಸಿದ ಗೊಂಬೆ ಆಗಲಿಲ್ಲ, ಬ್ಯಾಂಡಿನವರಲ್ಲೇ ಒಬ್ಬಳಾದಳು. ಇನ್ನೊಂದು ಮಾತು. ಹಾಡಿನ ಪೂರ್ತಿ ಹೆಸರಿನಲ್ಲೇ ‘ಸ್ವಿಂಗ್’ ಅನ್ನುವ ಮಾತಿದೆ, ಅಂದರೆ ಕೇಳಿದವರ ಕಾಲು ಕುಣಿಸುವ ಜಾಝ್ ಲಯ. ಅಮೆರಿಕಕ್ಕೆ ಅಮೆರಿಕವೇ ಸ್ವಿಂಗ್ ಹುಚ್ಚಿಗೆ ಬಿದ್ದದ್ದು 1935ರಲ್ಲಿ, ಬೆನ್ನಿ ಗುಡ್‌ಮನ್ ಬ್ಯಾಂಡು ಹೆಸರು ಮಾಡಿದ ಮೇಲೆ. ಐವಿ ಅದಕ್ಕೂ ಮೂರು ವರ್ಷ ಮುಂಚೆ ಹಾಡಿ ಮುಗಿಸಿದ್ದಳು.

1933ರಲ್ಲಿ ಬ್ಯಾಂಡು ಹಡಗು ಹತ್ತಿ ಲಂಡನ್ನಿಗೆ ಹೋಯಿತು. ಎಲಿಂಗ್ಟನ್‌ಗೆ ದೊಡ್ಡ ಹೋಟೆಲಿನಲ್ಲಿ ರೂಮು ಸಿಕ್ಕಿತು. ಆದರೆ ಬ್ಯಾಂಡಿನ ಉಳಿದವರಿಗೆ ಹೋಟೆಲಿನವರು ಜಾಗ ಕೊಡಲಿಲ್ಲ, ಅವರು ಅಲ್ಲಲ್ಲಿ ಸಣ್ಣ ವಸತಿಗೃಹಗಳಲ್ಲಿ ಉಳಿದರು. ಜೂನ್ 12ರಂದು ಪಲೇಡಿಯಂ ಥಿಯೇಟರಿನಲ್ಲಿ ಮೊದಲ ಪ್ರದರ್ಶನ. ಐವಿ ಅಲ್ಲಿ ‘ಸ್ಟಾರ್ಮಿ ವೆದರ್’ ಹಾಡಿದಳು. ಆ ಹಾಡು ಕೆಲವೇ ತಿಂಗಳ ಹಿಂದೆ ಕಾಟನ್ ಕ್ಲಬ್ಬಿನಲ್ಲಿ ಇದೇ ಬ್ಯಾಂಡಿನ ಜೊತೆ ಎಥೆಲ್ ವಾಟರ್ಸ್ ಹಾಡಿ ಮನೆಮಾತಾಗಿತ್ತು. ಇನ್ನೊಬ್ಬರು ಗೆದ್ದ ಹಾಡನ್ನು ಪರದೇಶದಲ್ಲಿ ಹಾಡಿ ಗೆಲ್ಲುವುದು ಸುಲಭ ಅಲ್ಲ, ಅಲ್ವಾ? ಆ ದಿನ ಪ್ರೇಕ್ಷಕರಷ್ಟೇ ಅಲ್ಲ, ಥಿಯೇಟರಿನ ಆಡಳಿತದವರೂ ಕಣ್ಣು ಒರೆಸಿಕೊಂಡರು ಅಂತ ಎಲಿಂಗ್ಟನ್ ಎಷ್ಟೋ ವರ್ಷದ ಮೇಲೆ ತನ್ನ ಆತ್ಮಕಥೆಯಲ್ಲಿ ನೆನೆಸಿಕೊಂಡಿದ್ದಾನೆ. ಅದೇ ವರ್ಷ ಬಂದ ‘ಎ ಬಂಡಲ್ ಆಫ್ ಬ್ಲೂಸ್’ ಎಂಬ ಕಿರುಚಿತ್ರದಲ್ಲಿ ಅವಳು ಈ ಹಾಡು ಹಾಡುವುದನ್ನು ಇವತ್ತೂ ನೋಡಬಹುದು. ಹೊರಗೆ ಮಳೆ ಸುರಿಯುತ್ತಿದೆ. ಇವಳು ಕೈ ಕಾಲು ಆಡಿಸುವುದಿಲ್ಲ, ಮುಖ ಕಿವುಚುವುದಿಲ್ಲ, ಕಣ್ಣೀರು ತೋರಿಸುವುದಿಲ್ಲ. ದುಃಖದ ಹಾಡನ್ನು ಅಳದೆ ಹಾಡುತ್ತಾಳೆ. ನನಗೆ ಅವಳಲ್ಲಿ ಎಲ್ಲಕ್ಕಿಂತ ಇಷ್ಟ ಆಗುವುದು ಈ ಗುಣ.

ವೇದಿಕೆ ಮೇಲಿನ ಈ ಗಂಭೀರ ಹೆಂಗಸು ಕೆಳಗಿಳಿದರೆ ಬೇರೆಯೇ. ಟ್ರಂಪೆಟ್ (ಸರಿಯಾಗಿ ಹೇಳಬೇಕೆಂದರೆ ಕಾರ್ನೆಟ್) ನುಡಿಸುತ್ತಿದ್ದ ರೆಕ್ಸ್ ಸ್ಟುವರ್ಟ್ ಆಮೇಲೆ ಬರೆದಿರುವ ಪ್ರಕಾರ, ಇಸ್ಪೀಟಿನ ಪೋಕರ್ ಆಟಕ್ಕೆ ಅವಳೇ ಯಜಮಾನಿ. ಎಲಿಂಗ್ಟನ್‌ಗೇ ಬೈಯುತ್ತಿದ್ದಳು, ಕೀಟಲೆ ಮಾಡುತ್ತಿದ್ದಳು, ಸಿಕ್ಕ ಹುಡುಗಿಯರಿಗೆ ಪ್ರೀತಿ ಪ್ರೇಮದ ವಿಷಯದಲ್ಲಿ ಬುದ್ಧಿ ಹೇಳುತ್ತಿದ್ದಳು. ಆಟ ನಡೆಯುತ್ತಿದ್ದದ್ದು ಹೆಚ್ಚಾಗಿ ರೈಲಿನಲ್ಲಿ. ದಕ್ಷಿಣದ ರಾಜ್ಯಗಳಲ್ಲಿ ಕರಿಯರಿಗೆ ಹೋಟೆಲಿನಲ್ಲಿ ರೂಮು ಕೊಡುತ್ತಿರಲಿಲ್ಲ, ಊಟಕ್ಕೆ ಕೂರಿಸುತ್ತಿರಲಿಲ್ಲ. ಅದಕ್ಕೆ ಬ್ಯಾಂಡು ತನಗೆ ಅಂತಲೇ ಮಲಗುವ ಬೋಗಿಗಳನ್ನೂ ಸಾಮಾನಿಗೆ ಒಂದು ಬೋಗಿಯನ್ನೂ ಬಾಡಿಗೆಗೆ ಹಿಡಿದು, ಹೋದ ಊರಿನ ಸ್ಟೇಷನ್ನಿನಲ್ಲಿ ಬೋಗಿ ನಿಲ್ಲಿಸಿಕೊಂಡು ಅದರಲ್ಲೇ ಉಂಡು ಮಲಗುತ್ತಿತ್ತು. ಹೊರಗಿನಿಂದ ನೋಡಿದವರಿಗೆ ಅದು ದೊಡ್ಡಸ್ತಿಕೆ. ಒಳಗಿದ್ದವರಿಗೆ ಅವಮಾನದಿಂದ ತಪ್ಪಿಸಿಕೊಳ್ಳುವ ದಾರಿ. ಅಷ್ಟೊಂದು ಗಂಡಸರ ನಡುವೆ ಒಬ್ಬಳೇ ಹೆಂಗಸು ಹನ್ನೊಂದು ವರ್ಷ ಹೀಗೆ ಓಡಾಡಿದಳು. ಪೋಕರ್‌ನಲ್ಲಿ ಗೆಲ್ಲುವುದು, ಬೈಯುವುದು ಎರಡೂ ಅವಳಿಗೆ ಬೇಕೇ ಬೇಕಾಗಿತ್ತು ಅಂತ ನನಗನಿಸುತ್ತದೆ.

ಸಿನಿಮಾದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಮಾರ್ಕ್ಸ್ ಸಹೋದರರು ಎಂಬ ಹಾಸ್ಯನಟರ 1937ರ ‘ಎ ಡೇ ಅಟ್ ದ ರೇಸಸ್’ನಲ್ಲಿ ಐವಿಗೆ ಒಂದು ಹಾಡಿದೆ. ಬಡ ಕರಿಯರ ಕೇರಿ, ಎಲ್ಲರೂ ಹಾಡಿ ಕುಣಿಯುತ್ತಿದ್ದಾರೆ. ಲಿಂಡಿ ಹಾಪ್ ಕುಣಿತದವರು ಗಾಳಿಯಲ್ಲಿ ಹಾರುತ್ತಾರೆ, ಅದು ನಿಜಕ್ಕೂ ನೋಡುವ ಹಾಗಿದೆ. ಐವಿ ಒಂದೆರಡು ನಿಮಿಷದಲ್ಲಿ ಪರದೆಯನ್ನು ಪೂರ್ತಿ ತನ್ನದು ಮಾಡಿಕೊಳ್ಳುತ್ತಾಳೆ. ಆದರೆ ಅದರ ಹಿಂದೆಯೇ ಮಾರ್ಕ್ಸ್ ಸಹೋದರರು ಮುಖಕ್ಕೆ ಮಸಿ ಬಳಿದುಕೊಂಡು ಆ ಗುಂಪಿನೊಳಗೆ ತಪ್ಪಿಸಿಕೊಳ್ಳುವ ದೃಶ್ಯ ಬರುತ್ತದೆ, ನೋಡಲು ಹಿಂಸೆ ಆಗುತ್ತದೆ. ಆ ಕಾಲದ ಹಾಲಿವುಡ್ಡಿನಲ್ಲಿ ಅವಳಂಥವರಿಗೆ ಸಿಗುತ್ತಿದ್ದದ್ದು ಇಷ್ಟೇ.

ಅದಕ್ಕೇ 1941ರ ‘ಜಂಪ್ ಫಾರ್ ಜಾಯ್’ ಮುಖ್ಯ ಆಗುವುದು. ಕರಿಯರನ್ನು ಹಲ್ಲು ಕಿರಿಯುವ ಸೇವಕರ ಹಾಗೆ ತೋರಿಸುವ ಚಾಳಿಯನ್ನು ವೇದಿಕೆಯಿಂದಲೇ ಓಡಿಸಬೇಕು ಅಂತ ಎಲಿಂಗ್ಟನ್ ಮತ್ತು ಜೊತೆಗಾರರು ಕಟ್ಟಿದ ಸಂಗೀತ ನಾಟಕ ಅದು. ಜುಲೈ 10ರಂದು ಲಾಸ್ ಏಂಜಲೀಸಿನ ಮಾಯನ್ ಥಿಯೇಟರಿನಲ್ಲಿ ಶುರುವಾಯಿತು. ಮೂರು ತಿಂಗಳೂ ಓಡಲಿಲ್ಲ, ನ್ಯೂಯಾರ್ಕ್ ತಲುಪಲಿಲ್ಲ. ಆದರೆ ಅದರಿಂದ ‘ಐ ಗಾಟ್ ಇಟ್ ಬ್ಯಾಡ್’ ಉಳಿಯಿತು. ರಾಗ ಎಲಿಂಗ್ಟನ್‌ದು, ಮಾತು ಪಾಲ್ ಫ್ರಾನ್ಸಿಸ್ ವೆಬ್‌ಸ್ಟರ್‌ದು. ನಾಟಕಕ್ಕೆ ಎರಡು ವಾರ ಮೊದಲೇ, ಜೂನ್ 26ರಂದು, ರೆಕಾರ್ಡ್ ಮಾಡಿದರು.

ಈ ಹಾಡನ್ನು ಆಮೇಲೆ ಎಷ್ಟೋ ದೊಡ್ಡವರು ಹಾಡಿದ್ದಾರೆ. ಮೊದಲ ಸಾಲಿನ ಶುರುವಿನಲ್ಲೇ ರಾಗ ದೊಡ್ಡದಾಗಿ ಮೇಲೆ ಹಾರುತ್ತದೆ. ಆ ಹಾರಿಕೆ ಸಿಕ್ಕಿದ್ದೇ ತಡ, ಎಷ್ಟೋ ಜನ ಅಲ್ಲಿ ತಮ್ಮ ಗಂಟಲಿನ ಬಲ ತೋರಿಸಲು ಹೋಗುತ್ತಾರೆ. ಐವಿ ಹೋಗುವುದಿಲ್ಲ. ಮೆಟ್ಟಿಲು ಹತ್ತಿದ್ದೇ ಗೊತ್ತಾಗದ ಹಾಗೆ ಮೇಲೆ ಹೋಗಿ, ಅಲ್ಲಿ ಜಾಸ್ತಿ ಹೊತ್ತು ನಿಲ್ಲದೆ, ಮುಂದಿನ ಮಾತಿಗೆ ಇಳಿಯುತ್ತಾಳೆ. ಪಕ್ಕದಲ್ಲಿ ಜಾನಿ ಹಾಡ್ಜಸ್‌ನ ಆಲ್ಟೊ ಸ್ಯಾಕ್ಸೊಫೋನ್. ಅವನು ಸ್ವರದಿಂದ ಸ್ವರಕ್ಕೆ ಜಾರುತ್ತಾ ಹೋಗುವ ರೀತಿ ನಮ್ಮ ಕಿವಿಗೆ ಬಹಳ ಬೇಗ ಹತ್ತಿರ ಆಗುತ್ತದೆ. ಅಳುವ ಕೆಲಸವನ್ನೆಲ್ಲ ಐವಿ ಅವನಿಗೆ ಬಿಟ್ಟುಬಿಡುತ್ತಾಳೆ. ತಾನು ವಿಷಯ ಹೇಳುತ್ತಾಳೆ ಅಷ್ಟೆ. ಪ್ರೀತಿಸಿದವನು ಸರಿಯಿಲ್ಲ, ಗೊತ್ತಿದ್ದೂ ಬಿಡಲಾಗುತ್ತಿಲ್ಲ ಅನ್ನುವ ಹೆಣ್ಣಿನ ಮಾತು ಅದು. ಬೇರೆಯವರ ಬಾಯಲ್ಲಿ ಅದು ಗೋಳು ಆಗುತ್ತದೆ. ಇವಳ ಬಾಯಲ್ಲಿ ಅವಳಿಗೆ ಅವಳೇ ಹೇಳಿಕೊಳ್ಳುವ ನಿಜ ಆಗುತ್ತದೆ. ಇದರದ್ದೇ ಒಂದು ಸಣ್ಣ ಚಿತ್ರವೂ ಇದೆ. ಆಗ ಬಾರು ಹೋಟೆಲುಗಳಲ್ಲಿ ನಾಣ್ಯ ಹಾಕಿದರೆ ಹಾಡಿನ ಚಿತ್ರ ತೋರಿಸುವ ಪೆಟ್ಟಿಗೆಗಳಿದ್ದವು, ಅದಕ್ಕಾಗಿ ತೆಗೆದದ್ದು.

ಆ ಬ್ಯಾಂಡೂ ಎಂಥದ್ದು ಅಂತೀರಿ! ಬಾಸ್‌ನಲ್ಲಿ ಜಿಮ್ಮಿ ಬ್ಲ್ಯಾಂಟನ್, ಟೆನರ್ ಸ್ಯಾಕ್ಸೊಫೋನಿನಲ್ಲಿ ಬೆನ್ ವೆಬ್‌ಸ್ಟರ್. 1940ರ ಆಸುಪಾಸಿನ ಈ ಬ್ಯಾಂಡನ್ನು ಜಾಝ್ ಅಭಿಮಾನಿಗಳು ಈಗಲೂ ಅವರಿಬ್ಬರ ಹೆಸರಿನಿಂದಲೇ ಕರೆಯುತ್ತಾರೆ. ಐವಿ ಹೆಸರನ್ನೂ ಅದರ ಪಕ್ಕ ಸೇರಿಸಬೇಕಿತ್ತು.

ಆದರೆ ಅವಳಿಗೆ ಅಸ್ತಮಾ ಇತ್ತು. ಇದನ್ನು ಬರೆಯುವಾಗ ನನಗೆ ಸಂಕಟ ಆಗುತ್ತದೆ. ಹಾಡುವವರಿಗೆ ಉಸಿರೇ ಬಂಡವಾಳ. ವರ್ಷವಿಡೀ ರೈಲು, ನಿದ್ದೆಗೆ ಹೊತ್ತಿಲ್ಲ ಗೊತ್ತಿಲ್ಲ, ಹೋದ ಹೋದ ಕಡೆ ಸಿಗರೇಟಿನ ಹೊಗೆ ತುಂಬಿದ ಸಭಾಂಗಣ. ಅಸ್ತಮಾ ಇರುವವರನ್ನು ಮನೆಯಲ್ಲಿ ನೋಡಿದವರಿಗೆ ಗೊತ್ತು, ಕೆಟ್ಟ ದಿನ ಒಂದು ವಾಕ್ಯ ಪೂರ್ತಿ ಆಡುವುದೇ ಕಷ್ಟ. ಅಂಥದ್ದರಲ್ಲಿ ಅವಳು ಆ ಉದ್ದುದ್ದ ಸಾಲುಗಳನ್ನು ಎಲ್ಲೂ ಮುರಿಯದೆ ಹಾಡಿದ್ದಾಳೆ. 1942ರಲ್ಲಿ ಅಲ್ಲಿನ ಬೇಸಿಗೆ ಕಳೆಯುವ ಹೊತ್ತಿಗೆ ಇನ್ನು ಸಾಧ್ಯವಿಲ್ಲ ಅಂತಾಯಿತು. ಬ್ಯಾಂಡು ಬಿಟ್ಟಳು. ಅದೇ ವರ್ಷ ಜುಲೈ ಕೊನೆಗೆ ಬ್ಲ್ಯಾಂಟನ್ ಕ್ಷಯದಿಂದ ತೀರಿಹೋದ, ಇನ್ನೂ ಇಪ್ಪತ್ತಮೂರು ವರ್ಷ.

ಬಿಟ್ಟ ಹೊತ್ತೂ ಎಂಥದ್ದು ನೋಡಿ. ಆಗಸ್ಟ್ 1ರಿಂದ ಅಮೆರಿಕದ ವಾದ್ಯಗಾರರ ಸಂಘ ರೆಕಾರ್ಡ್ ಕಂಪನಿಗಳ ವಿರುದ್ಧ ಮುಷ್ಕರ ಹೂಡಿತು, ಎಲಿಂಗ್ಟನ್ ಬ್ಯಾಂಡು ಮತ್ತೆ ರೆಕಾರ್ಡಿಂಗ್ ಶುರು ಮಾಡಿದ್ದು 1944ರ ಡಿಸೆಂಬರಿನಲ್ಲಿ. ಮುಷ್ಕರಕ್ಕೆ ಕೆಲವೇ ದಿನ ಮೊದಲು ಹಾಡಿದ ‘ಹೇಫುಟ್ ಸ್ಟ್ರಾಫುಟ್’ ಎಂಬ ಸಾಧಾರಣ ಯುದ್ಧಕಾಲದ ಹಾಡೇ ಐವಿ ಮತ್ತು ಎಲಿಂಗ್ಟನ್ ಒಟ್ಟಿಗೆ ಮಾಡಿದ ಕೊನೆಯ ರೆಕಾರ್ಡು. 1943ರ ಜನವರಿ 23ರಂದು ಬ್ಯಾಂಡು ಮೊದಲ ಸಲ ನ್ಯೂಯಾರ್ಕಿನ ಹೆಸರಾಂತ ಸಂಗೀತ ಸಭಾಂಗಣ ಕಾರ್ನೆಗಿ ಹಾಲ್‌ನಲ್ಲಿ ನುಡಿಸಿತು. ಅಮೆರಿಕದ ಕರಿಯರ ಚರಿತ್ರೆಯನ್ನೇ ವಸ್ತು ಮಾಡಿಕೊಂಡು ಎಲಿಂಗ್ಟನ್ ಬರೆದ ದೊಡ್ಡ ಕೃತಿ ಅವತ್ತು ಮೊದಲು ಕೇಳಿಸಿತು. ಅದರಲ್ಲಿ ಬ್ಲೂಸ್ (ಕರಿಯರ ಸಂಕಟದ ಹಾಡು) ಭಾಗ ಹಾಡಿದ್ದು ಹೊಸಬಳಾದ ಬೆಟ್ಟಿ ರೋಶೆ. ಚೆನ್ನಾಗಿಯೇ ಹಾಡಿದಳು. ಆದರೂ ಆ ಜಾಗ ಹನ್ನೊಂದು ವರ್ಷ ದುಡಿದವಳದ್ದು ಅಂತ ನನ್ನ ಮನಸ್ಸು ಹೇಳುತ್ತಲೇ ಇರುತ್ತದೆ.

ಐವಿ ಮನೆಯಲ್ಲಿ ಕೈಕಟ್ಟಿ ಕೂರಲಿಲ್ಲ. ಲಾಸ್ ಏಂಜಲೀಸಿನಲ್ಲಿ ಗಂಡ ಮಾರ್ಕ್ ನೀಲ್ ಜೊತೆ ಸೇರಿ ‘ಐವೀಸ್ ಚಿಕನ್ ಶ್ಯಾಕ್’ ಅಂತ ಒಂದು ಹೋಟೆಲು ನಡೆಸಿದಳು. ಕರಿಯರ ಸಂಗೀತ, ಅಂಗಡಿ, ಹೋಟೆಲು ಎಲ್ಲಕ್ಕೂ ಕೇಂದ್ರವಾಗಿದ್ದ ಸೆಂಟ್ರಲ್ ಅವೆನ್ಯೂ ಬಳಿಯೇ ಅದು. ಆಗಾಗ ಪಶ್ಚಿಮ ಕರಾವಳಿಯ ಕ್ಲಬ್ಬುಗಳಲ್ಲಿ ಹಾಡುತ್ತಿದ್ದಳು. 1946ರಲ್ಲಿ ಬ್ಲ್ಯಾಕ್ ಅಂಡ್ ವೈಟ್ ಎಂಬ ಸಣ್ಣ ಕಂಪನಿಗೆ ಒಂದಿಷ್ಟು ಹಾಡು ರೆಕಾರ್ಡ್ ಮಾಡಿದಳು, ಈ ಸಲ ಅವಳದೇ ಹೆಸರು ಮೇಲೆ. ಅಷ್ಟೇ. 1949ರ ಡಿಸೆಂಬರ್ 28ರಂದು ಅದೇ ಊರಿನಲ್ಲಿ ತೀರಿಹೋದಳು. ವಯಸ್ಸು ನಲವತ್ತರ ನಡು ದಾಟಿರಲಿಲ್ಲ. 1963ರಲ್ಲಿ ಎಲಿಂಗ್ಟನ್ ಬ್ಯಾಂಡು ಭಾರತಕ್ಕೂ ಬಂತು. ಹಾಡ್ಜಸ್ ಇನ್ನೂ ಇದ್ದ. ಐವಿ ಹೋಗಿ ಆಗಲೇ ಹದಿನಾಲ್ಕು ವರ್ಷ.

ಅವಳು ಬಿಟ್ಟ ಮೇಲೆ ಎಲಿಂಗ್ಟನ್ ಯಾರನ್ನು ತಂದರೂ ಅವರು ಐವಿ ಜೊತೆಗಿನ ಹೋಲಿಕೆ ಎದುರಿಸಬೇಕಾಯಿತು, ಇದನ್ನೂ ಅವನೇ ಬರೆದಿದ್ದಾನೆ. ನಲವತ್ತರ ದಶಕದ ನಡುವೆ ಒಂದು ಹೊತ್ತಿನಲ್ಲಿ ಬ್ಯಾಂಡಿನಲ್ಲಿ ಮೂವರು ಹಾಡುಗಾರ್ತಿಯರು ಒಟ್ಟಿಗೆ ಇದ್ದರು: ಜೋಯಾ ಷೆರಿಲ್, ಕೇ ಡೇವಿಸ್, ಮರಿಯಾ ಎಲಿಂಗ್ಟನ್. ಒಬ್ಬಳು ಲವಲವಿಕೆಯ ಹಾಡಿಗೆ, ಒಬ್ಬಳು ಮಾತಿಲ್ಲದ ಆಲಾಪಕ್ಕೆ, ಹೀಗೆ. ಐವಿ ಇವೆಲ್ಲವನ್ನೂ ಒಬ್ಬಳೇ ಮಾಡುತ್ತಿದ್ದಳು.

ಮತ್ತೆ ಅವಳ ಹೆಸರು ಯಾಕೆ ಉಳಿಯಲಿಲ್ಲ? ಎಲ್ಲಾ ಫಿಟ್ಜೆರಾಲ್ಡ್, ಸಾರಾ ವಾನ್ ಇಬ್ಬರೂ ಬ್ಯಾಂಡು ಬಿಟ್ಟು ಸ್ವಂತ ಹೆಸರಿನಲ್ಲಿ ನಿಂತರು. ಐವತ್ತರ ದಶಕದಲ್ಲಿ ಎಲ್‌ಪಿ ಎಂಬ ಉದ್ದ ಹೊತ್ತು ಓಡುವ ತಟ್ಟೆ ಬಂದಾಗ ನಲವತ್ತು ನಿಮಿಷದ ಪೂರ್ತಿ ರೆಕಾರ್ಡೇ ಅವರದಾಯಿತು. ಜನ ನೆನಪಿಡುವುದು ಆ ರೆಕಾರ್ಡುಗಳನ್ನು. ಐವಿ ಆ ಕಾಲಕ್ಕೆ ಉಳಿಯಲೇ ಇಲ್ಲ. ಅವಳ ಹಾಡು ಎಲಿಂಗ್ಟನ್ ಸಂಗ್ರಹಗಳಲ್ಲಿ ಅಲ್ಲೊಂದು ಇಲ್ಲೊಂದು ಹರಡಿಕೊಂಡಿದೆ, ಹುಡುಕಿ ತೆಗೆಯಬೇಕು.

ಹುಡುಕುವವರಿಗೆ ನನ್ನ ಸಲಹೆ ಇದು. ಮೊದಲು 1932ರ ‘ಇಟ್ ಡೋಂಟ್ ಮೀನ್ ಎ ಥಿಂಗ್’. ಆಮೇಲೆ 1937ರ ‘ದೇರ್ ಈಸ್ ಎ ಲಲ್ ಇನ್ ಮೈ ಲೈಫ್’. ಆಮೇಲೆ 1940ರ ಫೆಬ್ರವರಿಯಲ್ಲಿ ಒಂದೇ ದಿನ ಮಾಡಿದ ‘ಸಾಲಿಟ್ಯೂಡ್’, ‘ಮೂಡ್ ಇಂಡಿಗೋ’, ‘ಸ್ಟಾರ್ಮಿ ವೆದರ್’. ‘ಐ ಗಾಟ್ ಇಟ್ ಬ್ಯಾಡ್’ ಇವೆಲ್ಲ ಆದ ಮೇಲೆ ಕೇಳಿ, ಮುಂಚೆ ಬೇಡ. ಅವಳು ಬರೀ ದುಃಖದ ಹಾಡಿನವಳು ಅಂತ ಅನಿಸಿದರೆ ‘ಫೈವ್ ಓ ಕ್ಲಾಕ್ ವಿಸಲ್’ ಹಾಕಿ. ಕಾರ್ಖಾನೆಯ ಐದು ಗಂಟೆಯ ಸೀಟಿ ಕೆಟ್ಟಿದೆ, ಅಪ್ಪ ಪಾಪ ಇನ್ನೂ ಮನೆಗೆ ಬಂದಿಲ್ಲ, ಆ ಮನೆಯ ಪಜೀತಿಯನ್ನು ಐವಿ ಎಷ್ಟು ಖುಷಿಯಾಗಿ ಹೇಳುತ್ತಾಳೆ ಅಂದರೆ ಇಂಗ್ಲಿಷ್ ಹಾಡಿನ ಮಾತು ಹಿಡಿಯುವುದು ಕಷ್ಟ ಅನ್ನುವವರಿಗೂ ಮೊದಲ ಸಲಕ್ಕೇ ಎಲ್ಲ ತಿಳಿಯುತ್ತದೆ.